ನೆರಳಿನಲ್ಲಿ ನಾಯ್ಸ್: ಕುಣಿಯುತ್ತಿದೆಯೋ, ಕೂತಿದೆಯೋ?

ಡಿಐ ಕೋಣೆಯಲ್ಲಿ (ಶೂಟ್ ಆದ ಚಿತ್ರದ ಬಣ್ಣ, ಹೊಳಪು ತಿದ್ದುವ ಜಾಗ) ಕಲರಿಸ್ಟ್ ರಾತ್ರಿ ದೃಶ್ಯದ ಹೊಳಪನ್ನು ಒಂದಿಷ್ಟು ಮೇಲೆತ್ತುತ್ತಾರೆ. ನಾಯಕನ ಕೂದಲು, ಗೋಡೆಯ ಮೂಲೆ, ಕಪ್ಪು ಅಂಗಿಯ ಮಡಿಕೆ, ಎಲ್ಲ ಕಡೆ ಹುಳ ಹರಿದಾಡಿದಂತೆ ಕಾಣತೊಡಗುತ್ತದೆ. ಚಿತ್ರದ ಈ ಗದ್ದಲವೇ ನಾಯ್ಸ್. "ಸೆನ್ಸರ್ ಹೋಗಿದೆ" ಎಂಬ ತೀರ್ಪು ಅಲ್ಲೇ ಬೀಳುತ್ತದೆ. ಬಹುಪಾಲು ಸಲ ಸೆನ್ಸರ್‌ಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್‌ಗೆ, ಏನೂ ಆಗಿರುವುದಿಲ್ಲ. ಅದಕ್ಕೆ ಬೆಳಕು ಸಿಕ್ಕಿರುವುದಿಲ್ಲ, ಅಷ್ಟೆ. ಇನ್ನು ಕೆಲವು ಸಲ ದೋಷ ನಿಜವಾಗಿಯೂ ಸೆನ್ಸರ್‌ನದೇ ಆಗಿದ್ದರೂ ಬಾಡಿ ಕ್ಯಾಪ್ (ಲೆನ್ಸ್ ಕೂರುವ ಜಾಗದ ಮುಚ್ಚಳ) ಹಾಕಿ ಮೆನುವಿನಲ್ಲಿ ಒಂದು ಗುಂಡಿ ಒತ್ತಿದರೆ ಸರಿಹೋಗುವಂಥದ್ದು.

ಎರಡನ್ನೂ ಬೇರ್ಪಡಿಸಲು ಉಪಕರಣ ಬೇಕಿಲ್ಲ. ತೊಂದರೆ ಇರುವ ಕ್ಲಿಪ್ಪನ್ನು ಟೈಮ್‌ಲೈನ್‌ಗೆ ಹಾಕಿ, ಕತ್ತಲೆಯ ಒಂದು ಚೂರನ್ನು 200% ದೊಡ್ಡದು ಮಾಡಿ, ಆ್ಯರೋ ಕೀಯಿಂದ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಚುಕ್ಕಿಗಳು ಪ್ರತಿ ಫ್ರೇಮ್‌ಗೂ ಜಾಗ ಬದಲಿಸಿದರೆ ಅದು ಕುಣಿಯುವ ನಾಯ್ಸ್: ಬೆಳಕು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಅಥವಾ ಕೋಡೆಕ್ (ವಿಡಿಯೋವನ್ನು ಹಿಂಡಿ ಉಳಿಸುವ ವಿಧಾನ) ಕಡೆ ನೋಡಿ. ಗೆರೆಯೋ ಚುಕ್ಕಿಯೋ ಅದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಅದು ಕೂತ ನಾಯ್ಸ್: ಸೆನ್ಸರ್ ಮತ್ತು ಅದರ ಕ್ಯಾಲಿಬ್ರೇಷನ್ ಕಡೆ ನೋಡಿ. ಅಗಲವಾದ ಪಟ್ಟಿ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ ದೀಪ ಇಲ್ಲವೇ ಕರೆಂಟು. ಮುಂದಿನದ್ದೆಲ್ಲ ಈ ಮೂರು ದಾರಿಗಳಲ್ಲೇ ಸಾಗುತ್ತದೆ.

"ಸೆಟ್‌ನಲ್ಲಿ ನೀಟಾಗಿತ್ತು, ಎಡಿಟ್ ಟೇಬಲ್‌ಗೆ ಬಂದ ಮೇಲೆ ಗಲೀಜು"

ಖರ್ಚಿಲ್ಲದ ತಪಾಸಣೆ ಇದು, ಆದ್ದರಿಂದ ಮೊದಲು. ಏಳು ಇಂಚಿನ ಮಾನಿಟರ್ 4ಕೆ ಚಿತ್ರವನ್ನು ಕುಗ್ಗಿಸಿ ತೋರಿಸುತ್ತದೆ. ಕುಗ್ಗಿಸುವಾಗ ಪಕ್ಕಪಕ್ಕದ ಪಿಕ್ಸೆಲ್‌ಗಳು ಸರಾಸರಿಯಾಗಿ ನಾಯ್ಸ್ ಮಾಯವಾಗುತ್ತದೆ. 24 ಇಂಚಿಗಿಂತ ಕಡಿಮೆಯಿಲ್ಲದ ಮಾನಿಟರ್‌ನಲ್ಲಿ, 100% ಗಾತ್ರದಲ್ಲಿ, ಮೂಲ ಫೈಲನ್ನೇ ನೋಡಿ. ಪ್ರಾಕ್ಸಿ (ಎಡಿಟ್‌ಗೆಂದು ಮಾಡಿದ ಹಗುರ ಪ್ರತಿ) ನೋಡಿ ತೀರ್ಮಾನಿಸಬೇಡಿ.

ಇನ್ನೊಂದು ಮೋಸ ಲೆವೆಲ್‌ಗಳದ್ದು, ಅಂದರೆ ಕಪ್ಪು ಬಿಳುಪಿಗೆ ಫೈಲ್ ಕೊಡುವ ಅಂಕಿಗಳದ್ದು. 10 ಬಿಟ್ ವಿಡಿಯೋ ಲೆವೆಲ್‌ನಲ್ಲಿ ಕಪ್ಪು ಇರುವುದು 64ರಲ್ಲಿ, ಫುಲ್ ಲೆವೆಲ್‌ನಲ್ಲಿ 0ಯಲ್ಲಿ. ವಿಡಿಯೋ ಲೆವೆಲ್‌ನ ಫೈಲನ್ನು ಸಾಫ್ಟ್‌ವೇರ್ ಫುಲ್ ಎಂದು ಓದಿದರೆ ಕಪ್ಪೆಲ್ಲ ಸುಮಾರು ಶೇ. 6ರಷ್ಟು ಮೇಲೆದ್ದು ಹಾಲು ಬೆರೆಸಿದಂತಾಗುತ್ತದೆ. ಅಡಗಿರಬೇಕಾದ ನಾಯ್ಸ್ ಹೊರಗೆ ಬರುತ್ತದೆ. ಕ್ಲಿಪ್‌ನ ಡೇಟಾ ಲೆವೆಲ್ ಸೆಟ್ಟಿಂಗ್ ಒಮ್ಮೆ ಬದಲಿಸಿ ನೋಡಿ. ಹಾಗೆಯೇ ಬೇರೆ ಕಂಪನಿಯ ಲಾಗ್‌ಗೆ (ಬೆಳಕು-ನೆರಳಿನ ವಿವರ ಹೆಚ್ಚು ಉಳಿಸುವ ಮಂಕು ರೆಕಾರ್ಡಿಂಗ್) ಮಾಡಿದ ಲಟ್ (ಅದನ್ನು ಸಹಜ ಬಣ್ಣಕ್ಕೆ ತರುವ ಕೋಷ್ಟಕ) ಹಾಕಿದ್ದರೂ ನೆರಳು ಅನಗತ್ಯವಾಗಿ ಎದ್ದಿರುತ್ತದೆ.

"ಕತ್ತಲೆಯೆಲ್ಲ ಇರುವೆ ಹರಿದಂತೆ, ಸಣ್ಣಗೆ, ಎಲ್ಲ ಕಡೆ ಒಂದೇ ಸಮ"

ಇದು ಶುದ್ಧ ಕುಣಿಯುವ ನಾಯ್ಸ್. ಇದರ ಬೇರು ಬೆಳಕಿನ ಸ್ವಭಾವದಲ್ಲೇ ಇದೆ. ಬೆಳಕು ಕಣಕಣವಾಗಿ ಬಂದು ಬೀಳುತ್ತದೆ, ಮಳೆಹನಿ ಅಂಗಳದ ಎಲ್ಲ ಕಲ್ಲಿಗೂ ಒಂದೇ ಲೆಕ್ಕದಲ್ಲಿ ಬೀಳದ ಹಾಗೆ. ಈ ಏರುಪೇರು ಬೆಳಕಿನ ಪ್ರಮಾಣದ ವರ್ಗಮೂಲದಷ್ಟಿರುತ್ತದೆ. ಒಂದು ಪಿಕ್ಸೆಲ್‌ಗೆ 10,000 ಎಲೆಕ್ಟ್ರಾನ್ ಸಿಕ್ಕಿದರೆ ಏರುಪೇರು 100, ಅಂದರೆ ಶೇ. 1. ಕಣ್ಣಿಗೆ ಕಾಣದು. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ; ಐದು ಸ್ಟಾಪ್ ಕೆಳಗಿನ ನೆರಳಿನಲ್ಲಿ ಸಿಗುವುದು ಸುಮಾರು 312. ಏರುಪೇರು ಹತ್ತಿರಹತ್ತಿರ 18, ಅಂದರೆ ಶೇ. 6ರ ಆಸುಪಾಸು. ಎಂಟು ಸ್ಟಾಪ್ ಕೆಳಗೆ 39 ಎಲೆಕ್ಟ್ರಾನ್, ಏರುಪೇರು ಶೇ. 16. ಇದರ ಮೇಲೆ ಸೆನ್ಸರ್ ಓದುವ ಸರ್ಕ್ಯೂಟ್‌ನ ಸ್ವಂತ ಗದ್ದಲವೂ ಸೇರುತ್ತದೆ. ಎಷ್ಟು ಲಕ್ಷದ ಕ್ಯಾಮೆರಾ ತಂದರೂ ಈ ಲೆಕ್ಕ ತಪ್ಪದು.

ನೋಡಬೇಕಾದ್ದು ವೇವ್‌ಫಾರ್ಮ್, ಚಿತ್ರದ ಹೊಳಪನ್ನು ಶೇಕಡಾದಲ್ಲಿ ತೋರಿಸುವ ಗ್ರಾಫ್. ಸೋನಿಯ ಎಸ್-ಲಾಗ್3ರಲ್ಲಿ ಶೇ. 18 ಬೂದು ಕಾರ್ಡ್ 41ರಲ್ಲಿ ಕೂರಬೇಕು, ಪ್ಯಾನಾಸೋನಿಕ್‌ನ ವಿ-ಲಾಗ್‌ನಲ್ಲಿ 42ರಲ್ಲಿ. ಅದಕ್ಕಿಂತ ಕೆಳಗಿದ್ದರೆ ದೋಷ ಎಕ್ಸ್‌ಪೋಷರ್‌ನದು. ಇಲ್ಲಿ ಪದೇಪದೇ ಆಗುವ ಎಡವಟ್ಟೊಂದಿದೆ. ಸೋನಿಯ ಸಿನಿ ಇಐ ಮೋಡ್‌ನಲ್ಲಿ ಬೇಸ್ ಐಎಸ್‌ಒ (ಸೆನ್ಸರ್‌ನ ಸಹಜ ಮಟ್ಟ) 800 ಇಟ್ಟು ಇಐ (ಎಕ್ಸ್‌ಪೋಷರ್ ಇಂಡೆಕ್ಸ್) ಅನ್ನು 3200ಕ್ಕೆ ಏರಿಸಿದರೆ ಮಾನಿಟರ್ ಬೆಳಗುತ್ತದೆ, ಆದರೆ ರೆಕಾರ್ಡ್ ಆಗುವುದು 800ರಲ್ಲೇ. ಮಾನಿಟರ್ ನೋಡಿ ಐರಿಸ್ ಮುಚ್ಚಿದವರ ಫೈಲ್ ಎರಡು ಸ್ಟಾಪ್ ಕತ್ತಲಾಗಿರುತ್ತದೆ. ರಾ ರೆಕಾರ್ಡಿಂಗ್‌ನಲ್ಲೂ (ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸುವುದು) ಹೀಗೆಯೇ, ಅಲ್ಲಿ ಬಹುತೇಕ ಕ್ಯಾಮೆರಾಗಳಲ್ಲಿ ಒಂದೇ ಬೇಸ್‌ನೊಳಗಿನ ಐಎಸ್‌ಒ ಬರೀ ಟಿಪ್ಪಣಿ.

ಪರಿಹಾರ: ಬೇಸ್ 800 ಆದರೆ ಇಐ 400 ಇಟ್ಟು ಶೂಟ್ ಮಾಡಿ, ಒಂದು ಸ್ಟಾಪ್ ಹೆಚ್ಚು ಬೆಳಕು ಒಳಗೆ ಬರುತ್ತದೆ, ಡಿಐನಲ್ಲಿ ಇಳಿಸಿದಾಗ ನಾಯ್ಸ್ ಜೊತೆಗೇ ಇಳಿಯುತ್ತದೆ. ಬೆಲೆಯೂ ಇದೆ: ಹೈಲೈಟ್‌ನಲ್ಲಿ ಒಂದು ಸ್ಟಾಪ್ ಕಳೆದುಕೊಳ್ಳುತ್ತೀರಿ. ಬೀದಿದೀಪ, ಬಲ್ಬ್ ಫ್ರೇಮಿನಲ್ಲೇ ಇದ್ದರೆ ಯೋಚಿಸಿ. ಅದಕ್ಕಿಂತ ಅಗ್ಗದ ದಾರಿ ಥರ್ಮೋಕೋಲ್. ನೆರಳಿನ ಕಡೆ ಒಂದು ಹಾಳೆ ನಿಲ್ಲಿಸಿ ಒಂದು ಸ್ಟಾಪ್ ಮೇಲೆತ್ತಿ, ಕತ್ತಲೆ ಬೇಕಾದಷ್ಟನ್ನು ಗ್ರೇಡಿಂಗ್‌ನಲ್ಲಿ ಮಾಡಿಕೊಳ್ಳಿ.

ನಾಯ್ಸ್ ನೀಲಿ ಚಾನೆಲ್‌ನಲ್ಲೇ ಹೆಚ್ಚಿದೆಯೇ ಎಂದೂ ನೋಡಿ. 3200 ಕೆಲ್ವಿನ್ ದೀಪದಲ್ಲಿ ನೀಲಿ ಕಡಿಮೆ; ವೈಟ್ ಬ್ಯಾಲೆನ್ಸ್ ಅದನ್ನು ಎಳೆದು ಸರಿದೂಗಿಸುವಾಗ ನೀಲಿಯ ಗದ್ದಲವೂ ಏರುತ್ತದೆ. ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಹಸಿರು ಶುಭ್ರವಾಗಿದ್ದು ನೀಲಿ ಮಾತ್ರ ಕೆದರಿರುವುದು ಗೊತ್ತಾಗುತ್ತದೆ. ಇದು ದೋಷವಲ್ಲ.

"ಐಎಸ್‌ಒ ಏರಿಸಿದರೆ ನಾಯ್ಸ್ ಕಡಿಮೆಯಾಯಿತು!"

ಆಶ್ಚರ್ಯಪಡಬೇಕಿಲ್ಲ. ಎರಡು ಬೇಸ್ ಐಎಸ್‌ಒ ಇರುವ ಕ್ಯಾಮೆರಾಗಳಲ್ಲಿ ಹೀಗೆ ಆಗಲೇಬೇಕು. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 4ಕೆಯಲ್ಲಿ ಬೇಸ್‌ಗಳು 400 ಮತ್ತು 3200. 1000ವರೆಗೆ ಮೊದಲ ಸರ್ಕ್ಯೂಟ್, 1250ರಿಂದ ಎರಡನೆಯದು. ಹಾಗಾಗಿ 1000ಕ್ಕಿಂತ 1250ರ ನೆರಳು ಶುಭ್ರ. ಸೋನಿ ವೆನಿಸ್‌ನಲ್ಲಿ 500 ಮತ್ತು 2500, ಎಫ್‌ಎಕ್ಸ್9ರಲ್ಲಿ 800 ಮತ್ತು 4000, ಎಫ್‌ಎಕ್ಸ್6ರಲ್ಲಿ 800 ಮತ್ತು 12,800, ಪ್ಯಾನಾಸೋನಿಕ್ ವ್ಯಾರಿಕ್ಯಾಮ್ 35ರಲ್ಲಿ 800 ಮತ್ತು 5000. ಎರಡು ಬೇಸ್‌ಗಳ ನಡುವಿನ ಐಎಸ್‌ಒದಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುವುದಕ್ಕಿಂತ ಮೇಲಿನ ಬೇಸ್‌ಗೆ ಹೋಗಿ ಎನ್‌ಡಿ (ಬೆಳಕು ತಗ್ಗಿಸುವ ಫಿಲ್ಟರ್) ಹಾಕುವುದು ಲೇಸು.

ದೋಷವೋ ಅಲ್ಲವೋ: ಮೆಟ್ಟಿಲು ಪರೀಕ್ಷೆ

ಇಲ್ಲಿಗೂ ಅನುಮಾನ ಉಳಿದರೆ ಒಂದು ಗಂಟೆ ಕೊಟ್ಟು ಈ ಪರೀಕ್ಷೆ ಮಾಡಿ. ಬಾಡಿಗೆ ಕ್ಯಾಮೆರಾ ಆದರೆ ತೆಗೆದುಕೊಂಡು ಹೋಗುವ ಮುನ್ನವೇ ಮಾಡುವುದು ಒಳ್ಳೆಯದು. ಔಟ್‌ಡೋರ್‌ಗೆ ಹೋದ ಮೇಲೆ ವಾದ ಗೆಲ್ಲುವುದು ಕಷ್ಟ.

ಬೇಕಾದ್ದು: 18% ಬೂದು ಕಾರ್ಡ್, ಒಂದು ಮೊಳ ಕಪ್ಪು ವೆಲ್ವೆಟ್, ಡಿಮ್ ಮಾಡದೆ ಪೂರ್ತಿ ಉರಿಸಿದ ಒಂದು ದೀಪ, ಟ್ರೈಪಾಡ್, ಟಿ-ಸ್ಟಾಪ್ (ಲೆನ್ಸ್ ಒಳಬಿಡುವ ಬೆಳಕಿನ ಅಳತೆ) ಗುರುತಿರುವ ಲೆನ್ಸ್, ಹುಡ್. ಕ್ಯಾಮೆರಾವನ್ನು 20ರಿಂದ 30 ನಿಮಿಷ ಆನ್ ಮಾಡಿಟ್ಟು ಬಿಸಿಯಾಗಲು ಬಿಡಿ. ನಾಯ್ಸ್ ರಿಡಕ್ಷನ್ ಮತ್ತು ಡಿಟೇಲ್ ಎರಡನ್ನೂ ಆಫ್ ಮಾಡಿ. ಬೇಸ್ ಐಎಸ್‌ಒ, ಸೆಕೆಂಡಿಗೆ 24 ಫ್ರೇಮ್, ಶಟರ್ 172.8 ಡಿಗ್ರಿ. ಈ ವಿಚಿತ್ರ ಅಂಕಿಗೆ ಕಾರಣವಿದೆ, ಅದು 1/50 ಸೆಕೆಂಡ್, ನಮ್ಮ 50 ಹರ್ಟ್ಸ್ ಕರೆಂಟಿಗೆ ಹೊಂದುತ್ತದೆ.

ಕಾರ್ಡಿನ ಪಕ್ಕದಲ್ಲಿ ವೆಲ್ವೆಟ್ ಇಳಿಬಿಡಿ. ಬಿಳಿ ಗೋಡೆ ಫ್ರೇಮಿನೊಳಗೆ ಬರಬಾರದು, ಅದರ ಫ್ಲೇರ್ ಕಪ್ಪನ್ನು ಎತ್ತಿಬಿಡುತ್ತದೆ. ಫೋಕಸ್ ಬೇಕೆಂದೇ ಸ್ವಲ್ಪ ತಪ್ಪಿಸಿ, ಇಲ್ಲದಿದ್ದರೆ ಕಾರ್ಡಿನ ತರಿ, ಬಟ್ಟೆಯ ನೂಲು ನಾಯ್ಸ್‌ನಂತೆ ಕಾಣುತ್ತವೆ. ಟಿ 2.8ರಲ್ಲಿ ಕಾರ್ಡನ್ನು ಸರಿಯಾದ ಮಟ್ಟಕ್ಕೆ ತನ್ನಿ, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ದೀಪ ಮುಟ್ಟದೆ ಟಿ 4, 5.6, 8, 11, 16, 22. ಒಟ್ಟು ಆರು ಸ್ಟಾಪ್ ಇಳಿದಿರಿ. ಕೊನೆಗೆ ಬಾಡಿ ಕ್ಯಾಪ್ ಹಾಕಿ ಹತ್ತು ಸೆಕೆಂಡ್. ಎಸ್-ಲಾಗ್3 ಆದರೆ ಟಿ 22ರಲ್ಲಿ ಅದೇ ಕಾರ್ಡ್ ಶೇ. 6ರ ಹತ್ತಿರ ಬಂದಿರುತ್ತದೆ. ಕ್ಯಾಪ್ ಹಾಕಿದಾಗಿನ ಕಪ್ಪು 3.5. ಬೂದು ಬಣ್ಣಕ್ಕೂ ಕಗ್ಗತ್ತಲಿಗೂ ನಡುವೆ ಎರಡೂವರೆ ಶೇಕಡಾ ಜಾಗ, ಅಷ್ಟೇ.

ಈಗ ಒಂದೊಂದು ಕ್ಲಿಪ್ಪನ್ನೂ ಮೊದಲಿನ ಹೊಳಪಿಗೆ ಎತ್ತಿ. ಬಣ್ಣ ತಿದ್ದುವ ಸಾಫ್ಟ್‌ವೇರ್ ರಿಸಾಲ್ವ್‌ನಲ್ಲಿ ನೋಡ್‌ನ (ತಿದ್ದುವ ಒಂದು ಹಂತ) ಗಾಮಾ ಲೀನಿಯರ್ ಮಾಡಿಕೊಂಡರೆ ಗೇನ್ 2 ಅಂದರೆ ಒಂದು ಸ್ಟಾಪ್, 4 ಅಂದರೆ ಎರಡು, 8 ಅಂದರೆ ಮೂರು. ಐದಾರು ಸ್ಟಾಪ್‌ಗೆ ಎರಡು ನೋಡ್ ಬಳಸಿ. ರಾ ಆದರೆ ಎಕ್ಸ್‌ಪೋಷರ್ ಸ್ಲೈಡರ್ ಸಾಕು.

ಮೂರು ವಿಷಯ ಬರೆದುಕೊಳ್ಳಿ: ಎಷ್ಟನೇ ಸ್ಟಾಪ್‌ನಲ್ಲಿ ಗ್ರೇನ್ ಕಣ್ಣು ಚುಚ್ಚಲು ಶುರುವಾಯಿತು, ಎಷ್ಟನೇ ಸ್ಟಾಪ್‌ನಲ್ಲಿ ಬೂದು ಹಸಿರಿಗೋ ಮೆಜೆಂಟಾಗೋ ತಿರುಗಿತು, ಎಷ್ಟನೇ ಸ್ಟಾಪ್‌ನಲ್ಲಿ ಗೆರೆ ಕಂಡವು. ಮೊದಲನೆಯದು ಎಲ್ಲ ಕ್ಯಾಮೆರಾಕ್ಕೂ ಆಗುವಂಥದ್ದು. ಬಣ್ಣ ತಿರುಗುವುದು ಕಪ್ಪಿನ ಮಟ್ಟ ಚಾನೆಲ್‌ನಿಂದ ಚಾನೆಲ್‌ಗೆ ಸರಿದಿರುವ ಸೂಚನೆ. ಎರಡು ಮೂರು ಸ್ಟಾಪ್‌ಗೇ ಗೆರೆ ಕಂಡರೆ ಕ್ಯಾಮೆರಾವನ್ನು ಅನುಮಾನಿಸಿ. ಕೊನೆಯ ತೀರ್ಪಿಗೆ ಅದೇ ಮಾಡೆಲ್‌ನ ಇನ್ನೊಂದು ಬಾಡಿಯನ್ನು ಅದೇ ಲೆನ್ಸ್, ಅದೇ ಸೆಟ್ಟಿಂಗ್‌ನಲ್ಲಿ ಇಟ್ಟು ಹೋಲಿಸಿ. ಎರಡೂ ಒಂದೇ ಥರ ಇದ್ದರೆ ದೋಷವಿಲ್ಲ, ಆ ಮಾಡೆಲ್‌ನ ಶಕ್ತಿಯೇ ಅಷ್ಟು. ಇಂಟರ್ನೆಟ್ಟಿನ ಪಟಗಳ ಜೊತೆ ಹೋಲಿಸುವುದರಿಂದ ಏನೂ ಸಿದ್ಧವಾಗದು.

"ಉದ್ದುದ್ದ ಗೆರೆಗಳು, ಬಲೆ ಹರಡಿದಂತೆ, ಅಲ್ಲಾಡುವುದೇ ಇಲ್ಲ"

ಕೂತ ನಾಯ್ಸ್ ಎಂದರೆ ಇದು. ಸೆನ್ಸರ್‌ನ ಪ್ರತಿ ಕಾಲಮ್‌ಗೂ ಬೇರೆಬೇರೆ ಆಂಪ್ಲಿಫೈಯರ್, ಬೇರೆಬೇರೆ ಡಿಜಿಟಲ್ ಪರಿವರ್ತಕ; ಯಾವ ಎರಡೂ ತದ್ರೂಪಿ ಅಲ್ಲ. ಕ್ಯಾಮೆರಾ ತನ್ನ ಬಳಿ ಇರುವ "ಕಪ್ಪಿನ ನಕ್ಷೆ"ಯನ್ನು ಕಳೆದು ಈ ವ್ಯತ್ಯಾಸ ಮುಚ್ಚುತ್ತದೆ. ತಾಪಮಾನ ಬದಲಾದರೆ ನಕ್ಷೆ ಹಳತಾಗುತ್ತದೆ, ಗೆರೆಗಳು ಎದ್ದುಬರುತ್ತವೆ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕ್ಯಾಲಿಬ್ರೇಟ್ ಮಾಡಿದ ಕ್ಯಾಮೆರಾವನ್ನು ಏಪ್ರಿಲ್‌ನಲ್ಲಿ ಬಳ್ಳಾರಿಗೋ ರಾಯಚೂರಿಗೋ ಒಯ್ದರೆ ಆ ನಕ್ಷೆ ಕೆಲಸಕ್ಕೆ ಬಾರದು. ಅಂದಾಜಿಗೆ 15 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ ಮತ್ತೆ ಮಾಡಿ.

ನಕ್ಷೆಯನ್ನು ಹೊಸದಾಗಿ ಬರೆಸುವ ಈ ಕೆಲಸಕ್ಕೆ ಹೆಸರು ಕಂಪನಿಗೊಂದು. ಕ್ಯಾನನ್‌ನಲ್ಲಿ ಎಬಿಬಿ (ಆಟೋ ಬ್ಲ್ಯಾಕ್ ಬ್ಯಾಲೆನ್ಸ್), ರೆಡ್‌ನಲ್ಲಿ ಬ್ಲ್ಯಾಕ್ ಶೇಡಿಂಗ್, ಸೋನಿ ಎಫ್‌ಎಕ್ಸ್6 ಮತ್ತು ಎಫ್‌ಎಕ್ಸ್9ರಲ್ಲಿ ಎಪಿಆರ್ (ಆಟೋ ಪಿಕ್ಸೆಲ್ ರೆಸ್ಟೋರೇಷನ್, ಇದು ಮುಖ್ಯವಾಗಿ ಕೆಟ್ಟ ಪಿಕ್ಸೆಲ್‌ಗಳಿಗೆ). ಕ್ರಮ ಮಾತ್ರ ಒಂದೇ. ಶೂಟ್ ಮಾಡುವ ಜಾಗದಲ್ಲೇ, ಶೂಟ್ ಮಾಡುವ ಫ್ರೇಮ್ ರೇಟ್ ಮತ್ತು ಐಎಸ್‌ಒದಲ್ಲೇ 30 ನಿಮಿಷ ಆನ್ ಇಡಿ. ಲೆನ್ಸ್ ತೆಗೆದು ಲೋಹದ ಅಥವಾ ಗಟ್ಟಿ ಬಾಡಿ ಕ್ಯಾಪ್ ಹಾಕಿ. ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ಫ್ಯಾನಿನ ಗಾಳಿಗಂಡಿ ಮಾತ್ರ ಮುಚ್ಚಬೇಡಿ. ಬ್ಯಾಟರಿ ಮುಕ್ಕಾಲಾದರೂ ತುಂಬಿರಲಿ. ಶುರು ಮಾಡಿದ ಮೇಲೆ ಮುಟ್ಟಬೇಡಿ, ಕೆಲವು ಕ್ಯಾಮೆರಾಗಳಿಗೆ ಕೆಲವೇ ಸೆಕೆಂಡ್, ಕೆಲವಕ್ಕೆ ಹಲವು ನಿಮಿಷ ಬೇಕು.

ಇಲ್ಲಿ ಕೆಡುವುದು ಕ್ಯಾಪ್‌ನಿಂದ. ತೆಳು ಪ್ಲಾಸ್ಟಿಕ್ ಕ್ಯಾಪ್ ಬಿಸಿಲಲ್ಲಿ ಬೆಳಕು ಸೋರುತ್ತದೆ. ಕ್ಯಾಮೆರಾ ಆ ಸೋರಿಕೆಯನ್ನೇ ಕಪ್ಪು ಎಂದು ನಂಬಿ ನಕ್ಷೆ ಬರೆದುಕೊಳ್ಳುತ್ತದೆ. ಆಮೇಲೆ ಪ್ರತಿ ಶಾಟ್‌ನ ಒಂದು ಬದಿ ಕಪ್ಪಗೆ ಕುಸಿದಿರುತ್ತದೆ. ಕ್ಯಾಲಿಬ್ರೇಷನ್ ನಂತರ ಗೆರೆ ಹೋಗಿ ಕಲೆ ಬಂದಿತೆಂದರೆ ಇದೇ ಕಾರಣ. ಕತ್ತಲೆ ಕೋಣೆಯಲ್ಲಿ ಮತ್ತೆ ಮಾಡಿ.

ಗೆರೆ ನಿಜಕ್ಕೂ ಕೂತದ್ದೋ ಎಂದು ಖಚಿತಪಡಿಸಿಕೊಳ್ಳಲು ಕ್ಯಾಪ್ ಹಾಕಿ ತೆಗೆದ ಕ್ಲಿಪ್‌ನ 64 ಫ್ರೇಮ್‌ಗಳ ಸರಾಸರಿ ತೆಗೆಯಿರಿ. ಫೋಟೋಶಾಪ್‌ನ ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ ಆಯ್ಕೆಯಿಂದ ಆಗುತ್ತದೆ. ಎಫ್‌ಎಫ್‌ಎಂಪೆಗ್ ಬಲ್ಲವರಿಗೆ ಟಿಮಿಕ್ಸ್ ಫಿಲ್ಟರ್ ಇದೆ. ಕುಣಿಯುವ ನಾಯ್ಸ್ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ, ಕೂತದ್ದು ಹಾಗೇ ಉಳಿದು ಸ್ಪಷ್ಟವಾಗಿ ಕಾಣುತ್ತದೆ. ಲಾಗ್ ಅಥವಾ ರಾ ಕ್ಲಿಪ್ ಬಳಸಿ. ಕಪ್ಪನ್ನು ಸೊನ್ನೆಗೆ ಕತ್ತರಿಸುವ ಪ್ರೊಫೈಲ್‌ನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

"ಬಿಳಿ, ಕೆಂಪು, ನೀಲಿ ಚುಕ್ಕಿಗಳು ನಕ್ಷತ್ರದ ಹಾಗೆ"

ಹಾಟ್ ಪಿಕ್ಸೆಲ್. ಬೆಳಕಿಲ್ಲದಿದ್ದರೂ ಸೆನ್ಸರ್‌ನಲ್ಲಿ ಸೋರುವ ಡಾರ್ಕ್ ಕರೆಂಟ್ ಪ್ರತಿ 6ರಿಂದ 8 ಡಿಗ್ರಿಗೆ ದುಪ್ಪಟ್ಟಾಗುತ್ತದೆ. ಆದ್ದರಿಂದಲೇ ಬೆಳಿಗ್ಗೆ ಇಲ್ಲದ ಚುಕ್ಕಿ ಮಧ್ಯಾಹ್ನ ಹುಟ್ಟುತ್ತದೆ. ಕ್ಯಾಮೆರಾ ಬಿಸಿಯಾಗಿರುವಾಗಲೇ ಎಪಿಆರ್ ಅಥವಾ ಪಿಕ್ಸೆಲ್ ರೀಮ್ಯಾಪಿಂಗ್ ಮಾಡಿ. ತಣ್ಣಗಿರುವಾಗ ಮಾಡಿದರೆ ಕಳ್ಳ ಪಿಕ್ಸೆಲ್ ಸಿಕ್ಕಿಬೀಳದು. ಈಗಾಗಲೇ ಶೂಟ್ ಆದ ದೃಶ್ಯಕ್ಕೆ ರಿಸಾಲ್ವ್‌ನ ಡೆಡ್ ಪಿಕ್ಸೆಲ್ ಫಿಕ್ಸರ್ ಸಾಕು. ಬಹುತೇಕ ಕ್ಯಾಮೆರಾಗಳಿಗೆ ಹೇಳಿರುವ ಮಿತಿ 40 ಡಿಗ್ರಿ, ಅದು ನೆರಳಿನ ಲೆಕ್ಕ. ಟೇಕ್‌ಗಳ ನಡುವೆ ಕೊಡೆ ಹಿಡಿಯಿರಿ, ಫ್ಯಾನನ್ನು "ಸೈಲೆಂಟ್"ನಿಂದ ತೆಗೆಯಿರಿ.

"ಅಡ್ಡ ಪಟ್ಟಿಗಳು ಉರುಳುತ್ತಿವೆ"

ಕ್ಯಾಪ್ ಹಾಕಿ. ಪಟ್ಟಿ ಹೋದರೆ ದೀಪದ್ದು: ಶಟರನ್ನು 1/50ಕ್ಕೋ 1/100ಕ್ಕೋ ತನ್ನಿ, ಅಗ್ಗದ ಎಲ್‌ಇಡಿ ಆದರೆ ಡಿಮ್ಮರ್ 100ಕ್ಕೇರಿಸಿ ದೀಪವನ್ನೇ ದೂರ ಸರಿಸಿ. ಕ್ಯಾಪ್ ಹಾಕಿದರೂ ಉಳಿದರೆ ಕರೆಂಟಿನದು: ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಆಮೇಲೆ ಡಿ-ಟ್ಯಾಪ್‌ಗೆ (ಬ್ಯಾಟರಿಯಿಂದ ಪವರ್ ಕೊಡುವ ಸಾಕೆಟ್) ಸಿಕ್ಕಿಸಿದ ವಯರ್‌ಲೆಸ್ ವಿಡಿಯೋ, ಫೋಕಸ್ ಮೋಟಾರ್ ಒಂದೊಂದಾಗಿ ತೆಗೆಯಿರಿ. ಬ್ಯಾಟರಿಯಲ್ಲಿ, ಬೇರೇನೂ ಸಿಕ್ಕಿಸದೆ, ಕ್ಯಾಪ್ ಹಾಕಿದಾಗಲೂ ಪಟ್ಟಿ ಇದ್ದರೆ ಒಳಗಿನ ಬೋರ್ಡ್, ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

"ಬಣ್ಣಬಣ್ಣದ ದೊಡ್ಡ ಮಚ್ಚೆ, ಚೌಕಚೌಕ"

ಚೌಕಗಳು ಕೋಡೆಕ್‌ನವು. 8 ಬಿಟ್ 4:2:0 ಲಾಂಗ್ ಗಾಪ್ ಫೈಲ್ (ಬಣ್ಣವನ್ನೂ ಫ್ರೇಮ್‌ಗಳನ್ನೂ ಬಹಳ ಹಿಂಡಿದ್ದು) ಕತ್ತಲೆಗೆ ಬಿಟ್ ಉಳಿಸುವುದೇ ಇಲ್ಲ. ನಾಯ್ಸ್ ಹೆಚ್ಚಿದಷ್ಟೂ ಅದು ಗಲಿಬಿಲಿಗೊಂಡು ಚೌಕವಾಗಿ ಅರೆಯುತ್ತದೆ. ಅದೇ ದೃಶ್ಯವನ್ನು ರಾ ಅಥವಾ ಕಡಿಮೆ ಹಿಂಡುವ ಪ್ರೋರೆಸ್‌ನಲ್ಲಿ ತೆಗೆದು ಹೋಲಿಸಿ. ಸಣ್ಣ ಗ್ರೇನ್ ಮರಳಿ ಬಂದರೆ ಸೆನ್ಸರ್ ನಿರ್ದೋಷಿ. ಮುಖ ತಿರುಗಿಸಿದಾಗ ಹಿಂದೆ ದೆವ್ವದಂತೆ ಬಾಲ ಉಳಿಯುತ್ತಿದ್ದರೆ ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಅತಿಯಾಗಿದೆ.

ಮೂಲೆಗಳಲ್ಲಿ ಮಾತ್ರ ನಾಯ್ಸ್ ಇದ್ದರೆ ಲೆನ್ಸ್‌ನ ವಿನ್ಯೆಟ್ ಸರಿಪಡಿಸುವ ಆಯ್ಕೆ ಆನ್ ಇದೆ, ಮೂಲೆಗಳನ್ನು ಎಳೆದು ಬೆಳಗಿಸುತ್ತಿದೆ. ಆಫ್ ಮಾಡಿ. ಕಪ್ಪು ಕೊಡೆ, ವಕೀಲರ ಕೋಟು ಹಗಲಿನಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಅದು ನಾಯ್ಸ್ ಅಲ್ಲ: ಎನ್‌ಡಿ 1.2ಕ್ಕಿಂತ ಗಾಢವಾದಾಗ ನುಸುಳುವ ಇನ್‌ಫ್ರಾರೆಡ್. ಐಆರ್ ತಡೆಯುವ ಎನ್‌ಡಿ ಬಳಸಿ.

ಎಲ್ಲಿ ನಿಲ್ಲಿಸಬೇಕು

ಎರಡು ಸಲ ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ ಮೇಲೂ ಅದೇ ಗೆರೆ ಇದ್ದರೆ, ಇಡೀ ಕಾಲಮ್ ಬೆಳ್ಳಗೆ ಉರಿಯುತ್ತಿದ್ದರೆ, ಚಿತ್ರದ ಅರ್ಧ ಭಾಗದ ಕಪ್ಪು ಬೇರೆ, ಇನ್ನರ್ಧದ್ದು ಬೇರೆ ಆಗಿದ್ದರೆ ಸರ್ವಿಸ್‌ಗೆ ಕೊಡಿ. ಆರ್ಕೆಸ್ಟ್ರಾ, ಮದುವೆ ವೇದಿಕೆಯ ಲೇಸರ್ ನೇರ ಲೆನ್ಸ್‌ಗೆ ಹೊಡೆದ ನಂತರ ಹುಟ್ಟಿದ ಗೆರೆ ಯಾವ ಮೆನುವಿನಿಂದಲೂ ಹೋಗದು.

ಸೆನ್ಸರ್ ಮುಂದಿನ ಗಾಜನ್ನು ಬೆರಳಿನಿಂದ, ಪಂಚೆಯ ಅಂಚಿನಿಂದ ಒರೆಸಬೇಡಿ. ಒತ್ತಡದ ಗಾಳಿ ಡಬ್ಬಿ ದ್ರವ ಉಗುಳುತ್ತದೆ, ಅದೂ ಬೇಡ. ಊದಿಕೊಂಡ ವಿ-ಮೌಂಟ್ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ. ವಯರ್‌ಲೆಸ್ ವಿಡಿಯೋಗೆ ಮೊದಲು ಪವರ್ ಕೊಟ್ಟು ಆಮೇಲೆ ಚಿತ್ರ ಸಾಗಿಸುವ ಎಸ್‌ಡಿಐ ಕೇಬಲ್ ಸಿಕ್ಕಿಸಿ, ತೆಗೆಯುವಾಗ ಮೊದಲು ಎಸ್‌ಡಿಐ. ಕ್ರಮ ತಪ್ಪಿದರೆ ಪೋರ್ಟ್ ಸುಡಬಹುದು. ಎಸಿ ಕಾರಿನಿಂದ ಮಂಗಳೂರಿನ ಸೆಖೆಗೆ ಇಳಿದ ಕ್ಯಾಮೆರಾವನ್ನು ಬ್ಯಾಗ್ ಮುಚ್ಚಿಟ್ಟೇ ಅರ್ಧ ಗಂಟೆಯಾದರೂ ಬಿಡಿ. ಒಳಗೆ ಆವಿ ಕಟ್ಟಿದಾಗ ಪವರ್ ಕೊಟ್ಟರೆ ನಾಯ್ಸ್‌ಗಿಂತ ದೊಡ್ಡ ಖರ್ಚು ಬರುತ್ತದೆ. ಸುಟ್ಟ ವಾಸನೆ ಬಂದರೆ ಬ್ಯಾಟರಿ ಕಳಚಿ, ಮತ್ತೆ ಆನ್ ಮಾಡಿ ನೋಡುವ ಆಸೆ ಬಿಡಿ.

ಸರ್ವಿಸ್‌ಗೆ ಕೊಡುವಾಗ ಕ್ಯಾಮೆರಾ ಮಾತ್ರ ಕೊಡಬೇಡಿ. ಮೆಟ್ಟಿಲು ಪರೀಕ್ಷೆಯ ಏಳು ಕ್ಲಿಪ್, ಕ್ಯಾಪ್ ಹಾಕಿದ ಒಂದು, 64 ಫ್ರೇಮ್‌ಗಳ ಸರಾಸರಿ ಚಿತ್ರ, ಇಷ್ಟನ್ನು ಪೆನ್‌ಡ್ರೈವ್‌ಗೆ ಹಾಕಿ. ಐಎಸ್‌ಒ, ಶಟರ್, ಫ್ರೇಮ್ ರೇಟ್, ಫರ್ಮ್‌ವೇರ್ ಆವೃತ್ತಿ, ಆನ್ ಮಾಡಿ ಎಷ್ಟು ನಿಮಿಷವಾಗಿತ್ತು ಎಂಬುದು ಫೈಲ್ ಹೆಸರಿನಲ್ಲೇ ಇರಲಿ.